ಖಡಕಿಯ ಶಾಲೆಗಳು ಮತ್ತು ಸ್ಕಾಲರ್‌ಶಿಪ್ ಪರೀಕ್ಷೆ

ಪುಣೆಯ ದಂಡುಪ್ರದೇಶವಾದ ಖಡಕಿಯಲ್ಲಿ ಕಂಟೋನ್ಮೆಂಟ್ ಬೋರ್ಡ್ ನಡೆಸುವ ಶಾಲೆಗಳಿವೆ. ಇಲ್ಲಿನ ಮಕ್ಕಳ ಕಲಿಕೆಯನ್ನು ರಾಜ್ಯದ ಉಳಿದ ಮಕ್ಕಳೊಂದಿಗೆ ಒಂದೇ ಅಳತೆಯಲ್ಲಿ ತೂಗುವ ಹಳೆಯ ಸಾಧನ, ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತಿನ ವಿದ್ಯಾರ್ಥಿವೇತನ ಪರೀಕ್ಷೆ. ಮೊದಲು 4 ಮತ್ತು 7ನೇ ತರಗತಿಗಿದ್ದ ಇದು 2016–17ರಲ್ಲಿ 5 ಮತ್ತು 8ಕ್ಕೆ ಸರಿದಿತ್ತು. ತಲಾ 150 ಅಂಕಗಳ ಎರಡು ಪತ್ರಿಕೆಗಳು: ಒಂದರಲ್ಲಿ ಪ್ರಥಮ ಭಾಷೆ, ಗಣಿತ, ಇನ್ನೊಂದರಲ್ಲಿ ತೃತೀಯ ಭಾಷೆ, ಬುದ್ಧಿಮತ್ತೆ. ಪ್ರತಿ ಪತ್ರಿಕೆಯಲ್ಲೂ ಶೇ. 40 ಬಂದರಷ್ಟೇ ಅರ್ಹತೆ. ವಿದ್ಯಾರ್ಥಿವೇತನ ಮಾತ್ರ ಮೆರಿಟ್ ಪಟ್ಟಿಯಲ್ಲಿದ್ದವರಿಗೆ. ಪರೀಕ್ಷೆ ಕಡ್ಡಾಯವಲ್ಲ. ಹಾಗಾಗಿ ಬರೆದವರ ಫಲಿತಾಂಶದಿಂದ ಇಡೀ ಶಾಲೆಯ ಮಟ್ಟವನ್ನು ಅಳೆಯುವುದು ಮಕ್ಕಳಿಗೂ ಶಿಕ್ಷಕರಿಗೂ ಮಾಡುವ ಅನ್ಯಾಯ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುವುದರಿಂದ ಜತ್ತ, ಅಕ್ಕಲಕೋಟೆಯ ಗಡಿಶಾಲೆಗಳ ಮಕ್ಕಳು ತಾಯ್ನುಡಿಯಲ್ಲೇ ಉತ್ತರಿಸಬಹುದು.