ಗದ್ದೆಯ ಲೆಕ್ಕ, ಗಾಳಿಯ ಸಾಕ್ಷ್ಯ

1990ರ ಆಸುಪಾಸಿನಲ್ಲಿ ಭಾರತದ ಭತ್ತದ ಗದ್ದೆಗಳ ಮೇಲೊಂದು ಆರೋಪ ಬಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನ ಪ್ರಕಾರ ನಮ್ಮ ಗದ್ದೆಗಳು ವರ್ಷಕ್ಕೆ 3.78 ಕೋಟಿ ಟನ್ ಮೀಥೇನನ್ನು ವಾತಾವರಣಕ್ಕೆ ಬಿಡುತ್ತಿದ್ದವು. ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ ಮೀಥೇನ್, ತೂಕಕ್ಕೆ ತೂಕ ನೋಡಿದರೆ, ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಪ್ರಬಲವಾದುದು. 1992ರ ರಿಯೊ ಸಮ್ಮೇಳನಕ್ಕೆ ಸಿದ್ಧತೆ ನಡೆದಿದ್ದ ದಿನಗಳವು. ಯಾವ ದೇಶ ಎಷ್ಟು ಹೊಣೆ ಹೊರಬೇಕೆಂಬ ವಾದ ಬಿಸಿಯೇರಿತ್ತು. ಹೊಟ್ಟೆಪಾಡಿಗಾಗಿ ಹೊರಡುವ ಅನಿಲವನ್ನೂ ಐಷಾರಾಮಕ್ಕಾಗಿ ಹೊರಡುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದೆಂದು ದೆಹಲಿಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ತಮ್ಮ ಪುಸ್ತಿಕೆಯೊಂದರಲ್ಲಿ ವಾದಿಸಿದರು. ಅದು ನ್ಯಾಯದ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದ ಸರಳ ಪ್ರಶ್ನೆಯೊಂದಿತ್ತು: ಆ ಅಂಕಿ ನಿಜವೇ?

ನೀರು ನಿಂತ ಕೆಸರಿನಲ್ಲಿ ಕಾಲಿಟ್ಟವರೆಲ್ಲರೂ ಮೀಥೇನಿನ ಗುಳ್ಳೆಗಳನ್ನು ಕಂಡಿದ್ದಾರೆ. ಇಟಲಿಯ ಮಜ್ಜೋರೆ ಸರೋವರದ ಜೌಗಿನಲ್ಲಿ ಅಂಥ ಗುಳ್ಳೆಗಳನ್ನು ಹಿಡಿದು ಪರೀಕ್ಷಿಸಿದವನು ಅಲೆಸ್ಸಾಂಡ್ರೊ ವೋಲ್ಟಾ, 1776ರಲ್ಲಿ. ಎರಡು ಶತಮಾನಗಳ ನಂತರ ಅದೇ ಉತ್ತರ ಇಟಲಿಯ ವೆರ್ಚೆಲ್ಲಿಯ ಭತ್ತದ ಗದ್ದೆಗಳಲ್ಲಿ ಜರ್ಮನ್ ವಿಜ್ಞಾನಿಗಳು ಮೀಥೇನನ್ನು ಅಳೆದರು. ಕ್ಯಾಲಿಫೋರ್ನಿಯ ಮತ್ತು ಸ್ಪೇನಿನಲ್ಲಿಯೂ ಅಳತೆಗಳಾದವು. ಏಷ್ಯಾದ ಅಳತೆಗಳು ಆಗ ತೀರ ವಿರಳ. ಹೀಗಾಗಿ ಯುರೋಪು, ಅಮೆರಿಕಗಳ ಗದ್ದೆಯ ದರವನ್ನೇ ನಮ್ಮ ನಾಲ್ಕು ಕೋಟಿ ಹೆಕ್ಟೇರಿಗೆ ಹಚ್ಚಿದ್ದಾಯಿತು. ಅಲ್ಲಿ ಕಾಲುವೆಯ ನೀರು ಬೆಳೆಯುದ್ದಕ್ಕೂ ನಿಲ್ಲುತ್ತದೆ. ಇಲ್ಲಿ ಆಗ ಅರ್ಧಕ್ಕೂ ಹೆಚ್ಚು ಗದ್ದೆ ಮಳೆಯನ್ನು ನಂಬಿತ್ತು. ಮಳೆ ಕೈಕೊಟ್ಟ ವಾರದಲ್ಲಿ ನೆಲ ಬಿರಿದು ಗಾಳಿಯಾಡುತ್ತದೆ. ಆಮ್ಲಜನಕ ತಗಲಿದೊಡನೆ ಮೀಥೇನನ್ನು ಹುಟ್ಟಿಸುವ ಸೂಕ್ಷ್ಮಾಣುಗಳ ಕೆಲಸ ನಿಲ್ಲುತ್ತದೆ. ಬದುವಿನ ಮೇಲೆ ಒಮ್ಮೆ ನಡೆದವರಿಗೆ ಹೊಳೆಯಬಹುದಾದ ಈ ವ್ಯತ್ಯಾಸ ಮೇಜಿನ ಮೇಲಿನ ಗುಣಾಕಾರದಲ್ಲಿ ಅಳಿಸಿಹೋಗಿತ್ತು.

ಇದಕ್ಕೆ ಉತ್ತರ ಹುಡುಕಲು ಹೊರಟವರು ಆಶೇಷ್ ಪ್ರಸಾದ್ ಮಿತ್ರ. ಮಣ್ಣಿನ ವಿಜ್ಞಾನಿಯಲ್ಲ, ಜೀವಮಾನವಿಡೀ ಅಯಾನುಗೋಲವನ್ನು, ಎಂದರೆ ನೂರಾರು ಕಿಲೋಮೀಟರು ಎತ್ತರದ ಆಕಾಶವನ್ನು, ಅಧ್ಯಯನ ಮಾಡಿದವರು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮುಂದಾಳತ್ವದಲ್ಲಿ ಹಲವು ಸಂಸ್ಥೆಗಳವರು ದೇಶದ ಬೇರೆ ಬೇರೆ ಭತ್ತದ ಸೀಮೆಗಳಿಗೆ ಹೋದರು. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಒಳಗೆ ಸೇರುವ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಪರೀಕ್ಷಿಸುವುದು ಅವರ ವಿಧಾನ. ಅಳೆದು, ಕೂಡಿಸಿ, ಮುಂದಿನ ವರ್ಷಗಳಲ್ಲಿ ತಿದ್ದಿ ಬಂದ ಮೊತ್ತ ಸುಮಾರು 40 ಲಕ್ಷ ಟನ್: ಆರೋಪದ ಒಂಬತ್ತನೆಯ ಒಂದು ಪಾಲು!

ನಮ್ಮವರ ಗೆಲುವೆಂದು ಇದನ್ನು ಹಲವರು ಬಣ್ಣಿಸಿದ್ದಾರೆ. ನನಗೆ ಸ್ವಲ್ಪ ಅನುಮಾನ ಉಳಿದೇ ಇದೆ. ಎಷ್ಟು ಪೆಟ್ಟಿಗೆ ಇಟ್ಟರೂ ನಾಲ್ಕು ಕೋಟಿ ಹೆಕ್ಟೇರಿನ ಮುಂದೆ ಅವು ಬೆರಳೆಣಿಕೆಯವು. ನೆಲದ ಲೆಕ್ಕಕ್ಕೆ ನೆಲವೇ ಸಾಕ್ಷಿಯಾದರೆ ಸಾಲದು. ಕಕ್ಷಿದಾರನಲ್ಲದ ಬೇರೊಬ್ಬ ಸಾಕ್ಷಿ ಬೇಕು. ಹೊರಟ ಅನಿಲವೆಲ್ಲ ಕೊನೆಗೆ ಸೇರುವುದು ಗಾಳಿಯನ್ನಲ್ಲವೇ? ಅದನ್ನೇ ಕೇಳಬಹುದು.

ಕಾರವಾರದಿಂದ ಉತ್ತರಕ್ಕೆ, ಗೋವೆಯ ಕಾಣಕೋಣ ತಾಲ್ಲೂಕಿನ ಸಮುದ್ರದಂಚಿನಲ್ಲಿ ಕಾಬೊ ದಿ ರಾಮ ಎಂಬ ಭೂಶಿರವಿದೆ. ವನವಾಸದಲ್ಲಿ ರಾಮ ಸೀತೆಯರು ತಂಗಿದ್ದರೆಂಬ ಐತಿಹ್ಯವುಳ್ಳ ಹಳೆಯ ಕೋಟೆಯ ತಾಣ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯವೂ ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯೂ ಕೂಡಿ 1993ರಿಂದ ಅಲ್ಲಿ ಗಾಜಿನ ಕುಪ್ಪಿಗಳಲ್ಲಿ ಗಾಳಿ ತುಂಬಿಸಿ ಆಸ್ಟ್ರೇಲಿಯಕ್ಕೆ ಕಳುಹಿಸತೊಡಗಿದವು. ಸ್ಥಳದ ಆಯ್ಕೆ ಜಾಣತನದ್ದು. ಮಳೆಗಾಲದಲ್ಲಿ ಅಲ್ಲಿಗೆ ಬರುವುದು ದಕ್ಷಿಣಾರ್ಧಗೋಳದಿಂದ ಸಾಗರ ದಾಟಿದ, ಮೀಥೇನ್ ಕಡಿಮೆಯಿರುವ ಗಾಳಿ. ಚಳಿಗಾಲದಲ್ಲಿ ಗಾಳಿ ಮಗ್ಗುಲು ಬದಲಿಸಿ ಉಪಖಂಡದ ಒಳಗಿನಿಂದ, ದನಕರುಗಳ, ಗಣಿಗಳ, ಊರ ತಿಪ್ಪೆಗಳ ಮೇಲಿಂದ ಹಾದು ಬರುತ್ತದೆ. ಒಂದೇ ಬಂಡೆಯ ಮೇಲೆ ನಿಂತು ಎರಡು ಲೋಕಗಳ ಉಸಿರನ್ನು ಹೋಲಿಸಿ ನೋಡಬಹುದು.

ಆದರೆ ಕುಪ್ಪಿಯಲ್ಲಿರುವುದು ಸಾಂದ್ರತೆ ಮಾತ್ರ. 2010ರ ಹೊತ್ತಿಗೆ ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು 1,800 ಮೀಥೇನಿನವು. ಒಮ್ಮೆ ಹೊರಟ ಮೀಥೇನ್ ಸರಾಸರಿ ಒಂಬತ್ತು ವರ್ಷ ಬಾಳುವುದರಿಂದ ಅವುಗಳಲ್ಲಿ ಬಹುಪಾಲು ಲೋಕದ ಹಳೆಯ ದಾಸ್ತಾನು. ಮೇಲೆ ಅಲ್ಪಸ್ವಲ್ಪ ಏರುವುದಷ್ಟೇ ಈ ಪ್ರದೇಶದ ಕೊಡುಗೆ. ಆ ಏರಿಕೆ ಎಲ್ಲಿಯದೆಂದು ತಿಳಿಯಲು ಗಣಕದಲ್ಲಿ ಗಾಳಿಯನ್ನು ಹಿಮ್ಮುಖವಾಗಿ ಬೀಸಿಸುತ್ತಾರೆ. ಕುಪ್ಪಿ ತುಂಬಿದ ಗಳಿಗೆಯಿಂದ ಸಾವಿರಾರು ಕಾಲ್ಪನಿಕ ಕಣಗಳನ್ನು ಹಿಂದಕ್ಕೆ ಓಡಿಸಿ, ಅವು ಯಾವ ಯಾವ ನೆಲವನ್ನು ಸವರಿ ಬಂದವೆಂದು ಗುರುತಿಸುತ್ತಾರೆ. ಬಳಿಕ ಮೊದಲೇ ಕೈಯಲ್ಲಿದ್ದ ಅಂದಾಜನ್ನು, ಕಂಡ ಸಾಂದ್ರತೆಗೆ ಹೊಂದುವವರೆಗೆ, ಸಂಭವನೀಯತೆಯ ಲೆಕ್ಕ ಹಿಡಿದು ತಿದ್ದುತ್ತಾರೆ. ಗಾಳಿಯ ದಾರಿ ತಪ್ಪಾದರೆ ತೀರ್ಪೂ ತಪ್ಪು.

ಇಲ್ಲೊಂದು ಪೇಚಿದೆ. ಭತ್ತದ ಗದ್ದೆ ತುಂಬಿ ನಿಲ್ಲುವುದು ಮಳೆಗಾಲದಲ್ಲಿ. ಆಗ ಕಾಬೊ ದಿ ರಾಮದ ಸಾಕ್ಷಿ ಕಡಲಿನತ್ತ ಮುಖ ಮಾಡಿರುತ್ತದೆ. 2009ರಲ್ಲಿ ಜಪಾನ್ ಹಾರಿಸಿದ ಗೋಸ್ಯಾಟ್ ಉಪಗ್ರಹ ನೆಲದಿಂದ ಪ್ರತಿಫಲಿಸಿದ ಬಿಸಿಲಿನಲ್ಲಿ ಮೀಥೇನನ್ನು ಗುರುತಿಸುತ್ತದೆ, ಸರಿ. ಆಷಾಢ ಶ್ರಾವಣಗಳ ಮೋಡದಡಿ ಅದಕ್ಕೂ ಕಣ್ಣು ಕಾಣದು. ದಾರಿ ತೋರಿದ್ದು ಆ ಮೋಡಗಳೇ. ಮುಂಗಾರಿನ ಮೋಡಗಳು ನೆಲದ ಗಾಳಿಯನ್ನು ಹತ್ತು ಕಿಲೋಮೀಟರು ಮೇಲಕ್ಕೆ ಎತ್ತಿ ಹಾಕುತ್ತವೆ. 2008ರಲ್ಲಿ ಫ್ರಾಂಕ್‌ಫರ್ಟಿನಿಂದ ಚೆನ್ನೈಗೆ ಹಾರುತ್ತಿದ್ದ ಲುಫ್ತಾನ್ಸಾ ಪ್ರಯಾಣಿಕ ವಿಮಾನವೊಂದರ ಸರಕಿನ ಕೋಣೆಯಲ್ಲಿ ಯುರೋಪಿನ ಕ್ಯಾರಿಬಿಕ್ ಯೋಜನೆಯ ಉಪಕರಣಗಳಿದ್ದವು. ಮೇಲೆ ಪ್ರಯಾಣಿಕರು ನಿದ್ರಿಸುತ್ತಿರಲು, ಕೆಳಗಿನ ಕುಪ್ಪಿಗಳು ಮುಂಗಾರು ಎತ್ತಿದ ಮೀಥೇನನ್ನು ತುಂಬಿಕೊಂಡವು. ಆ ವರ್ಷ ಆ ವಿಮಾನದಲ್ಲಿ ಬಂದಿಳಿದ ಚೆನ್ನೈ ಕನ್ನಡಿಗರೂ ಇರಬಹುದು!

2017ರಲ್ಲಿ ಅನಿತಾ ಗಣೇಶನ್ ಮತ್ತು ಸಂಗಡಿಗರು ನೆಲದ, ವಿಮಾನದ, ಉಪಗ್ರಹದ ಅಳತೆಗಳನ್ನು ಕೂಡಿಸಿ ಹಿಮ್ಮುಖ ಲೆಕ್ಕವನ್ನು ಪ್ರಕಟಿಸಿದರು. 2010ರಿಂದ 2015ರವರೆಗೆ ಭಾರತದಿಂದ ಹೊರಟ ಮೀಥೇನ್ ವರ್ಷಕ್ಕೆ ಸರಾಸರಿ 2.2 ಕೋಟಿ ಟನ್. ಆ ಅವಧಿಯಲ್ಲಿ ಗಮನಾರ್ಹ ಏರಿಕೆಯಿಲ್ಲ. 2010ಕ್ಕೆ ಭಾರತ ಸರ್ಕಾರ ವಿಶ್ವಸಂಸ್ಥೆಗೆ ಕೊಟ್ಟಿದ್ದ ಲೆಕ್ಕ ಸುಮಾರು 1.98 ಕೋಟಿ ಟನ್. ಎರಡೂ ಅನಿಶ್ಚಿತತೆಯ ಮಿತಿಯೊಳಗೆ ಹೊಂದುತ್ತವೆ. ಹಸು ಎಮ್ಮೆ, ಕಲ್ಲಿದ್ದಲು, ಚರಂಡಿ, ಗದ್ದೆ ಎಲ್ಲವೂ ಸೇರಿ ಬಂದ ಈ ಮೊತ್ತವೇ, ಒಂದು ಕಾಲಕ್ಕೆ ಗದ್ದೆಯೊಂದರ ತಲೆಗೇ ಕಟ್ಟಿದ್ದ 3.78 ಕೋಟಿಗಿಂತ ಕಡಿಮೆ. 2007ರಲ್ಲಿ ತೀರಿಕೊಂಡ ಮಿತ್ರ ಅವರು ಇದನ್ನು ನೋಡಲಿಲ್ಲ.

ಗಾಳಿ ಮೊತ್ತವನ್ನು ಹೇಳಿತು. ಅದರಲ್ಲಿ ಎಮ್ಮೆಯ ಪಾಲೆಷ್ಟು, ಗದ್ದೆಯ ಪಾಲೆಷ್ಟು ಎಂದು ಬಿಡಿಸುವಾಗ ಮಾತ್ರ ಅದರ ದನಿ ಕ್ಷೀಣ. ಆ ಹಂಚಿಕೆಗೆ ಇಂದಿಗೂ ಪೈರಿನ ಮೇಲೆ ಪೆಟ್ಟಿಗೆ ಕವುಚಿ, ಕೆಸರಿನಲ್ಲಿ ನಿಂತು ಸಿರಿಂಜು ಎಳೆಯುವವರ ಅಂಕಿಗಳೇ ಆಧಾರ.