ಚಳಿಗಾಲದ ಕರಾವಳಿಗೆ ಬೇಸಿಗೆ ಬಂದ ಬಗೆ

ಫ್ರಾನ್ಸಿನ ಆಗ್ನೇಯ ಅಂಚಿನಲ್ಲಿ, ಇಟಲಿಯ ಗಡಿಗೆ ತಾಗಿದ ಮೆಂಟೊನ್ ಪಟ್ಟಣದವರೆಗೆ ಹಬ್ಬಿರುವ ಮೆಡಿಟರೇನಿಯನ್ ಕರಾವಳಿಯನ್ನು, ಅಂದರೆ ರಿವಿಯೆರಾವನ್ನು, ಬೇಸಿಗೆಯ ರಜೆಯಲ್ಲಿ ಗಂಡಹೆಂಡಿರು ಕಾರಿನಲ್ಲಿ ಸುತ್ತಿ ನೋಡುವುದು ಇಂದು ಯೂರೋಪಿನಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಅದು ಅನಾದಿಯಿಂದ ನಡೆದು ಬಂದ ಪದ್ಧತಿಯಂತೆಯೇ ತೋರುತ್ತದೆ. ಆದರೆ ಅದರ ವಯಸ್ಸು ಸುಮಾರು ನೂರು ವರ್ಷ ಮಾತ್ರ. ಅದಕ್ಕೆ ಮೊದಲು ಈ ತೀರದ ದೊಡ್ಡ ಹೋಟೆಲುಗಳು ಬೇಸಿಗೆ ಬಂತೆಂದರೆ ಬಾಗಿಲು ಮುಚ್ಚುತ್ತಿದ್ದವು.

ಇಲ್ಲಿ ರಸ್ತೆಯೇ ಸುಲಭವಾಗಿ ಒದಗಿದ್ದಲ್ಲ. ನೀಸ್ ನಗರದಿಂದ ಪೂರ್ವಕ್ಕೆ ಆಲ್ಪ್ಸ್ ಪರ್ವತದ ಕೊನೆಯ ಸಾಲುಗಳು ನೇರವಾಗಿ ಕಡಲಿಗೆ ಇಳಿಯುವುದರಿಂದ, ಬಂಡಿ ಹೋಗುವಷ್ಟು ಸಮತಟ್ಟಾದ ನೆಲ ತೀರದಲ್ಲಿ ಸಿಗುತ್ತಿರಲಿಲ್ಲ. ರೋಮನ್ ಚಕ್ರವರ್ತಿ ಆಗಸ್ಟಸ್ ಕ್ರಿ.ಪೂ. 13ರಲ್ಲಿ ಆರಂಭಿಸಿದ ಜೂಲಿಯಾ ಆಗಸ್ಟಾ ಮಾರ್ಗ ಈ ಕಾರಣಕ್ಕಾಗಿಯೇ ಕಡಲನ್ನು ಬಿಟ್ಟು ಗುಡ್ಡವೇರಿತು. ಆಲ್ಪ್ಸ್‌ನ ಬುಡಕಟ್ಟುಗಳನ್ನು ಗೆದ್ದುದರ ನೆನಪಿಗೆ ಕಟ್ಟಿದ ಅವನ ವಿಜಯಸ್ಮಾರಕ ಲಾ ತೂರ್ಬಿ ಎಂಬ ಊರಿನ ಎತ್ತರದಲ್ಲಿ ಇಂದಿಗೂ ಅರ್ಧ ಉಳಿದು ನಿಂತಿದೆ. ಶ್ವಾಸಕೋಶದ ಕಾಯಿಲೆಯಿಂದ ನೀಸ್‌ಗೆ ಬಂದು ನೆಲೆಸಿದ್ದ ಸ್ಕಾಟ್ಲೆಂಡಿನ ಲೇಖಕ ಟೊಬಾಯಸ್ ಸ್ಮಾಲೆಟ್ 1764ರಲ್ಲಿ ಜಿನೋವಾಕ್ಕೆ ಹೊರಟಾಗ ನೆಲದ ಮೇಲೆ ಹೇಸರಗತ್ತೆಯ ದಾರಿಯಷ್ಟೇ ಇದ್ದುದರಿಂದ, ಹುಟ್ಟು ಹಾಕಿ ನಡೆಸುವ ಕಿರುನಾವೆಯನ್ನು ಹಿಡಿಯಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನೆಪೋಲಿಯನ್ನನ ಅಪ್ಪಣೆಯಂತೆ ಗುಡ್ಡದ ನೆತ್ತಿಯಲ್ಲಿ ‘ಗ್ರಾಂಡ್ ಕಾರ್ನೀಶ್’, ಎಂದರೆ ಕಡಿದಾದ ಬಂಡೆಯ ಮೈಯಲ್ಲಿ ಕೊರೆದ ಹೆದ್ದಾರಿ, ಸಿದ್ಧವಾಯಿತು. ಐನೂರು ಮೀಟರಿಗೂ ಮೇಲೇರುವ ಈ ರಸ್ತೆಯ ನೋಟವನ್ನು ಇಂದಿನ ಪ್ರವಾಸಿಗರು ಕೊಂಡಾಡುತ್ತಾರೆ, ಆದರೆ ಅದನ್ನು ಕಡಿಸಿದವರ ಕಣ್ಣಿದ್ದುದು ಇಟಲಿಗೆ ಸಾಗಬೇಕಾದ ಸೇನೆಯ ಮೇಲೆ. ಕಡಲಂಚಿನ ಕೆಳಗಿನ ಕಾರ್ನೀಶ್ ಅನಂತರದ್ದು. ಎರಡರ ನಡುವೆ ಎಜ್ ಎಂಬ ಬಂಡೆಯ ಹಳ್ಳಿಯನ್ನು ಬಳಸಿ ಹೋಗುವ ಮಧ್ಯದ ಕಾರ್ನೀಶ್ ಮುಗಿದದ್ದು 1920ರ ದಶಕದ ಕೊನೆಯ ಹೊತ್ತಿಗೆ.

ಈ ರಸ್ತೆಗಳಲ್ಲಿ ಮೊದಲು ಓಡಾಡಿದವರು ಬಿಸಿಲನ್ನು ಔಷಧಿಯೆಂದು ಬಗೆದ ಸಿರಿವಂತರು. ಬ್ರಿಟನ್ನಿನ ರಾಜಕಾರಣಿ ಲಾರ್ಡ್ ಬ್ರೂಮ್ 1834ರಲ್ಲಿ ಕಾಲರಾ ನಿರ್ಬಂಧದಿಂದಾಗಿ ಗಡಿ ದಾಟಲಾಗದೆ ಕಾನ್ ಎಂಬ ಬೆಸ್ತರ ಊರಿನಲ್ಲಿ ತಂಗಿ, ಅಲ್ಲಿಯೇ ಮನೆ ಕಟ್ಟಿಸಿದ ಮೇಲೆ ಅವನ ದೇಶದವರು ಹಿಂದೆಯೇ ಬಂದರು. ರೈಲು 1863ರಲ್ಲಿ ಕಾನ್‌ಗೂ ಮರುವರ್ಷ ನೀಸ್‌ಗೂ ಮುಟ್ಟಿತು. ಇವರೆಲ್ಲ ಚಳಿಗಾಲದಲ್ಲಿ ಬಂದು ಬಿಸಿಲು ಬಲಿಯುವ ಮುನ್ನ ಹಿಂದಿರುಗುತ್ತಿದ್ದರು. ಮೈ ಕಪ್ಪಾಗುವುದು ಹೊಲದಲ್ಲಿ ದುಡಿಯುವವರ ಗುರುತೆಂದು ತಿಳಿದಿದ್ದ ಆ ವರ್ಗಕ್ಕೆ ಜುಲೈ ತಿಂಗಳ ಮರಳದಂಡೆಯಲ್ಲಿ ಏನೂ ಕೆಲಸವಿರಲಿಲ್ಲ.

ನೋಟಕ್ಕೆಂದೇ ರಸ್ತೆ ಕಟ್ಟಿಸುವ ವಿಚಾರ ಮೋಟಾರು ಬಂದ ಮೇಲಿನದು. ಪ್ರವಾಸಪ್ರಿಯರ ಸಂಘವಾದ ಟೂರಿಂಗ್ ಕ್ಲಬ್ ದ ಫ್ರಾನ್ಸ್‌ನ ಪ್ರಯತ್ನದಿಂದ 1903ರಲ್ಲಿ ತೆರೆದ ‘ಕಾರ್ನೀಶ್ ದೋರ್’, ಎಂದರೆ ಬಂಗಾರದ ಕಾರ್ನೀಶ್, ಸಾಂ ರಫಾಯೆಲ್‌ನಿಂದ ಕಾನ್ ಕಡೆಗೆ ಎಸ್ತೆರೆಲ್ ಬೆಟ್ಟದ ಕೆಂಬಂಡೆಗಳ ಅಂಚಿನಲ್ಲಿ ಸಾಗುತ್ತದೆ. ಋತು ಬದಲಾದದ್ದು ಇನ್ನೂ ಎರಡು ದಶಕಗಳ ಬಳಿಕ. ಜೆರಾಲ್ಡ್ ಮತ್ತು ಸಾರಾ ಮರ್ಫಿ ಎಂಬ ಅಮೆರಿಕದ ದಂಪತಿ 1923ರಲ್ಲಿ ಆಂಟೀಬ್ ಭೂಶಿರದ ‘ಹೋಟೆಲ್ ದು ಕಾಪ್’ನ ಒಡೆಯ ಆಂಟ್ವಾನ್ ಸೆಲ್ಲಾನನ್ನು ಒಪ್ಪಿಸಿ, ಬೇಸಿಗೆಯಲ್ಲೂ ಹೋಟೆಲಿನ ಒಂದು ಭಾಗವನ್ನು ತೆರೆಸಿಟ್ಟರು. ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ 1934ರ ತನ್ನ ಕಾದಂಬರಿ ‘ಟೆಂಡರ್ ಈಸ್ ದ ನೈಟ್’ ಅನ್ನು ಈ ದಂಪತಿಗೇ ಅರ್ಪಿಸಿದ.

ರಿವಿಯೆರಾದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಈ ಕಥೆಯಲ್ಲೇ ನಿಂತುಬಿಡುತ್ತಾರೆ, ಅದು ನ್ಯಾಯವಲ್ಲ. ಮರ್ಫಿ ದಂಪತಿಯಿಂದ ಋತು ಬದಲಾಯಿತೇ ಹೊರತು, ದುಡಿದು ತಿನ್ನುವವರ ಪಾಲಿಗೆ ಕಡಲು ಮೊದಲಿನಷ್ಟೇ ದೂರವಿತ್ತು. ಆ ದೂರವನ್ನು ತಗ್ಗಿಸಿದ್ದು 1936ರ ಜೂನ್ ತಿಂಗಳ ಕಾನೂನು. ಕಾರ್ಖಾನೆಗಳನ್ನು ಹಿಡಿದು ಕುಳಿತ ಕಾರ್ಮಿಕರ ದೊಡ್ಡ ಮುಷ್ಕರಗಳ ನಡುವೆ ಅಧಿಕಾರಕ್ಕೆ ಬಂದ ಲಿಯೋಂ ಬ್ಲುಮ್‌ನ ಎಡಪಕ್ಷಗಳ ಸರ್ಕಾರ, ಪ್ರತಿಯೊಬ್ಬ ಕೂಲಿಕಾರನಿಗೂ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಬಿಡುವು ಮತ್ತು ಕ್ರೀಡೆಯ ಹೊಣೆ ಹೊತ್ತಿದ್ದ ಲಿಯೋ ಲಗ್ರಾಂಜ್ ರಜೆಯ ರೈಲು ಟಿಕೆಟಿಗೆ ಶೇ. 40ರಷ್ಟು ರಿಯಾಯಿತಿ ದೊರಕಿಸಿಕೊಟ್ಟ. ಆ ಬೇಸಿಗೆಯಲ್ಲಿ, ಇಬ್ಬರು ತುಳಿಯುವ ಜೋಡಿ ಸೈಕಲ್ಲುಗಳಲ್ಲಿ ಯುವ ದಂಪತಿಗಳು ಪ್ಯಾರಿಸಿನಿಂದ ಹೊರಟರು. ಕಡಲನ್ನು ಜೀವಮಾನದಲ್ಲಿ ಮೊದಲ ಸಲ ಕಂಡವರು ಅವರಲ್ಲಿ ಕಡಿಮೆಯೇನಿರಲಿಲ್ಲ. ಕೂಲಿ ನಿಲ್ಲದೆ ಕೆಲಸ ನಿಲ್ಲಬಹುದೆಂಬ ಈ ಒಂದು ಏರ್ಪಾಡು, ಯಾವ ಸಿರಿವಂತನ ಅಭಿರುಚಿಗಿಂತಲೂ ದೊಡ್ಡ ಬದಲಾವಣೆಯನ್ನು ಈ ತೀರಕ್ಕೆ ತಂದಿತು.

ಸೈಕಲ್ಲಿನ ಜಾಗಕ್ಕೆ ಕಾರು ಬಂದದ್ದು ಎರಡನೆಯ ಮಹಾಯುದ್ಧದ ನಂತರ. ರೆನೋ ಕಂಪನಿಯ 4ಸಿವಿ, ಸಿಟ್ರೋಯೆನ್‌ನ 2ಸಿವಿ ಎಂಬ ಅಗ್ಗದ ಪುಟ್ಟ ಕಾರುಗಳು ಸಾಮಾನ್ಯ ಸಂಸಾರಗಳ ಕೈಗೆಟುಕಿದವು, 1956ರಲ್ಲಿ ರಜೆ ಮೂರು ವಾರಕ್ಕೆ ಏರಿತು, ಮತ್ತು ಪ್ಯಾರಿಸಿನಿಂದ ಲಿಯೋಂ, ಆವಿನ್ಯೋಂ, ನೀಸ್ ದಾಟಿ ಮೆಂಟೊನ್‌ವರೆಗೆ ಸುಮಾರು ಸಾವಿರ ಕಿಲೋಮೀಟರ್ ಓಡುವ ರಾಷ್ಟ್ರೀಯ ಹೆದ್ದಾರಿ 7 ಆಗಸ್ಟ್ ತಿಂಗಳಲ್ಲಿ ಮೈಲಿಗಟ್ಟಲೆ ವಾಹನಗಳಿಂದ ಕಿಕ್ಕಿರಿಯತೊಡಗಿತು. ನುಗಾ ಎಂಬ ಜೇನು-ಬಾದಾಮಿಯ ಮಿಠಾಯಿಗೆ ಹೆಸರಾದ ಮೊಂತೆಲಿಮಾರ್ ಊರು ಹೀಗೆ ಸಾಲುಗಟ್ಟಿ ನಿಂತ ಕಾರುಗಳಿಗೆ ಮಾರಿಯೇ ಬೆಳೆಯಿತು. ಆಲ್ಫ್ರೆಡ್ ಹಿಚ್‌ಕಾಕ್‌ನ ‘ಟು ಕ್ಯಾಚ್ ಎ ಥೀಫ್’ ಚಿತ್ರ 1955ರಲ್ಲಿ ಕಾರ್ನೀಶ್‌ನ ತಿರುವುಗಳಲ್ಲಿ ಗ್ರೇಸ್ ಕೆಲ್ಲಿ, ಕ್ಯಾರಿ ಗ್ರಾಂಟ್ ಜೋಡಿಯ ಕಾರಿನ ಓಟವನ್ನು ಜಗತ್ತಿಗೆ ತೋರಿಸಿತು.

ಆಮೇಲೆ ಬಂದ ಎ7, ಎ8 ಎಂಬ ಸುಂಕದ ವೇಗಹೆದ್ದಾರಿಗಳಲ್ಲಿ ಎರಡನೆಯದು ಕರಾವಳಿಯ ಬೆನ್ನಿನ ಗುಡ್ಡಗಳನ್ನು ಸುರಂಗಗಳಿಂದ ಕೊರೆದು ಇಟಲಿಯ ಗಡಿ ಸೇರುತ್ತದೆ. ಅವಸರದ ವಾಹನಗಳೂ ಸರಕಿನ ಲಾರಿಗಳೂ ಅತ್ತ ಹರಿದ ಮೇಲೆ ಹೆದ್ದಾರಿ 7ರ ಬಹುಭಾಗ ಸ್ಥಳೀಯ ಆಡಳಿತಗಳ ಪಾಲಾಯಿತು. ಮೂರು ಕಾರ್ನೀಶ್‌ಗಳು ಊರವರ ದಿನನಿತ್ಯದ ಓಡಾಟಕ್ಕೂ, ನಿಧಾನವಾಗಿ ಸಾಗಲೆಂದೇ ಬರುವ ಪ್ರವಾಸಿಗರಿಗೂ ಉಳಿದವು.