ಬೆಂಗಳೂರಿನಲ್ಲಿ ಯೆಹೂದ್ಯರ ಹೆಜ್ಜೆಗುರುತು

ಬೆಳಗಾವಿಯ ಪೇಟೆಯಲ್ಲಿ ನಡೆದಾಡಿದವರಿಗೆ ಇದನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಖಡೇಬಜಾರನ್ನು ಬಿಟ್ಟು ಗಣಪತ ಗಲ್ಲಿಯನ್ನು ಹೊಕ್ಕರೆ ನಡುವೆ ಹೆಬ್ಬಾಗಿಲೇನೂ ಅಡ್ಡ ಬರುವುದಿಲ್ಲ. ಒಂದು ಕಸುಬಿನವರೋ ಒಂದು ನುಡಿಯವರೋ ಒಂದು ದೇವರಿಗೆ ನಡೆದುಕೊಳ್ಳುವವರೋ ಒತ್ತೊತ್ತಾಗಿ ಮನೆ ಕಟ್ಟಿಕೊಂಡರೆ ಅದನ್ನು ನಾವು ಕೇರಿ ಎನ್ನುತ್ತೇವೆ, ಓಣಿ ಎನ್ನುತ್ತೇವೆ, ಗಲ್ಲಿ ಎನ್ನುತ್ತೇವೆ. ಸಂಜೆಯಾದೊಡನೆ ಅದಕ್ಕೆ ಹೊರಗಿನಿಂದ ಬೀಗ ಜಡಿಯುವ ಮಾತು ನಮ್ಮ ಕಿವಿಗೆ ವಿಚಿತ್ರವೆನಿಸುತ್ತದೆ. ಆದರೂ ಊರಾಚೆಯ ಕೇರಿಗಳಿಗೆ ಕಣ್ಣಿಗೆ ಕಾಣದ ಬೀಗವನ್ನು ಶತಮಾನಗಳ ಕಾಲ ಹಾಕಿದವರು ನಾವೇ. ಆದುದರಿಂದ ಪರದೇಶದ ಕಥೆಯನ್ನು ಕೇಳುವಾಗ ಹೆಚ್ಚು ಗರ್ವಪಡುವ ಹಾಗಿಲ್ಲ.

ಬೀಗ ಹಾಕುವ ಕೇರಿ ಯುರೋಪಿನಲ್ಲಿ ನಿಜವಾಗಿಯೂ ಇತ್ತು. ೧೫೧೬ರಲ್ಲಿ ವೆನಿಸ್ ನಗರದ ಆಡಳಿತವು ಯೆಹೂದ್ಯರೆಲ್ಲರೂ ಒಂದು ಸಣ್ಣ ದ್ವೀಪದಲ್ಲಿಯೇ ವಾಸಿಸಬೇಕೆಂದು ವಿಧಿಸಿತು. ಅಲ್ಲಿ ಹಿಂದೆ ಲೋಹ ಕರಗಿಸುವ ಎರಕದ ಮನೆ ಇತ್ತು. ಅದಕ್ಕೆ ಆ ಊರಿನ ಮಾತಿನಲ್ಲಿದ್ದ ಹೆಸರೇ 'ಗೆಟ್ಟೊ' ಆಯಿತೆಂದು ಬಹುಮಂದಿ ವಿದ್ವಾಂಸರ ಮತ. ರಾತ್ರಿ ಬಾಗಿಲು ಮುಚ್ಚುತ್ತಿತ್ತು, ಕಾವಲು ನಿಲ್ಲುತ್ತಿತ್ತು. ನೆಪೋಲಿಯನ್ನನ ಸೈನ್ಯ ಬಂದ ೧೭೯೭ರಲ್ಲಿ ಆ ಬಾಗಿಲುಗಳನ್ನು ಮುರಿದರು. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಜನ ಆ ಹಳೆಯ ಶಬ್ದವನ್ನು ಮತ್ತೆ ಹೊರತೆಗೆದರು. ೧೯೪೦ರ ನವೆಂಬರಿನಲ್ಲಿ ಪೋಲೆಂಡಿನ ವಾರ್ಸಾ ನಗರದಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಯೆಹೂದ್ಯರನ್ನು ಗೋಡೆಯೊಳಗೆ ಮುಚ್ಚಿದರು. ೧೯೪೨ರ ಬೇಸಗೆಯಲ್ಲಿ ಅವರನ್ನು ರೈಲುಡಬ್ಬಿಗಳಲ್ಲಿ ತುಂಬಿ ಟ್ರೆಬ್ಲಿಂಕದ ಕೊಲೆಮನೆಗೆ ಸಾಗಿಸಿದರು. ವೆನಿಸಿನ ಗೋಡೆಯೊಳಗೆ ಬದುಕಲು ಎಡೆಯಿತ್ತು. ವಾರ್ಸಾದ ಗೋಡೆಯನ್ನು ಎತ್ತಿದ್ದು ಬೇರೆಯ ಉದ್ದೇಶಕ್ಕೆ.

ಖಾನಾಪುರದ ನಮ್ಮ ಶಾಲೆಯಲ್ಲಿ ಈ ಪಾಠ ಮುಗಿದ ದಿನ ಒಬ್ಬ ಹುಡುಗಿ ಎದ್ದು ನಿಂತು, "ಗುರುಗಳೇ, ಅವರಲ್ಲಿ ಯಾರೂ ನಮ್ಮ ಕಡೆಗೆ ಓಡಿಬರಲಿಲ್ಲವೇ?" ಎಂದು ಕೇಳಿದಳು. ಬಂದಿದ್ದರು. ಅವರ ಗುರುತು ನೋಡಲೆಂದು ಮಕ್ಕಳನ್ನು ಕರೆದುಕೊಂಡು ರಾತ್ರಿಯ ಗಾಡಿಯಲ್ಲಿ ಬೆಂಗಳೂರಿಗೆ ಹೋದೆ. ನೀವೂ ಬನ್ನಿ. ಕಾಲ್ನಡಿಗೆಯೆಂದು ಹೆಸರೇ ಹೊರತು ನಡುನಡುವೆ ಬಸ್ಸು ಹತ್ತಬೇಕು. ಯೆಹೂದ್ಯರ ಕೇರಿ ಎಂಬುದು ಆ ಊರಿನಲ್ಲಿ ಇರಲಿಲ್ಲವಾದ್ದರಿಂದ ಗುರುತುಗಳು ಚದುರಿವೆ.

ಮೊದಲು ಮೈಸೂರು ರಸ್ತೆ. ಇಲ್ಲಿ ಯೆಹೂದ್ಯರ ರುದ್ರಭೂಮಿಯುಂಟು. ೧೯೦೪ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯವರು ಕೊಟ್ಟ ನೆಲವಿದು. ಸಮಾಧಿಕಲ್ಲುಗಳಲ್ಲಿ ಹೀಬ್ರೂ ಲಿಪಿಯ ಜೊತೆಗೆ ಕಾಣುವ ಕೆಲವು ಹೆಸರುಗಳು ಬೆಳಗಾವಿಯವರ ಕಿವಿಗೆ ಪರಿಚಿತವೆನಿಸುತ್ತವೆ, 'ಕರ್' ಎಂದು ಕೊನೆಗೊಳ್ಳುವ ಅಡ್ಡಹೆಸರುಗಳು. ಇವರು ಬೆನೆ ಇಸ್ರಾಯೇಲರು. ಕೊಂಕಣದ ಕರಾವಳಿಯಲ್ಲಿ ಶತಮಾನಗಳ ಕಾಲ ಗಾಣ ಆಡಿಸಿಕೊಂಡಿದ್ದವರು, ಮನೆಮಾತು ಮರಾಠಿ. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಇವರನ್ನು 'ಶನಿವಾರ ತೇಲಿ' ಎಂದು ಕರೆದರು. ತಮ್ಮ ಧರ್ಮದ ವಿಷಯದಲ್ಲಿ ನೆರೆಯವರಿಗೆ ಗೊತ್ತಿದ್ದುದು ಬಹುಮಟ್ಟಿಗೆ ಅಷ್ಟೇ. ಅದಕ್ಕಾಗಿ ಯಾರೂ ಅವರ ಸುತ್ತ ಗೋಡೆ ಕಟ್ಟಲಿಲ್ಲ. ಮುಂದೆ ಮುಂಬಯಿ ಸೈನ್ಯವನ್ನು ಸೇರಿ ದೂರದೂರದ ದಂಡುಗಳಿಗೆ ಹೋದರು.

ದಂಡಿನ ಕಮರ್ಷಿಯಲ್ ಬೀದಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ. ಬಾಗ್ದಾದಿನ ಮೂಲದ ರೂಬಿನ್ ಮೋಸೆಸ್ ಎಂಬವರ ಹೆಸರಾಂತ ಪಾದರಕ್ಷೆಯ ಅಂಗಡಿ ಇಲ್ಲಿತ್ತು. ಊರಿನ ಬೆರಳೆಣಿಕೆಯ ಯೆಹೂದ್ಯರು ಪ್ರಾರ್ಥನೆಗೆ ಕೂಡುತ್ತಿದ್ದುದು ಅವರ ಮನೆಯಲ್ಲಿ. ಅಂಗಡಿ ಈಗಿಲ್ಲ. ಮಕ್ಕಳ ಕಣ್ಣು ಬಳೆಗಳ ಕಡೆಗೆ ಹೋಯಿತು, ನಾನೂ ಅವರನ್ನು ತಡೆಯಲಿಲ್ಲ.

ಇನ್ನು ನಾನು ಮುಖ್ಯವಾಗಿ ತೋರಿಸಬೇಕೆಂದಿದ್ದ ಸ್ಥಳ: ಭಾರತೀಯ ವಿಜ್ಞಾನ ಸಂಸ್ಥೆ, ಹಳಬರ ಬಾಯಲ್ಲಿ ಟಾಟಾ ಇನ್ಸ್ಟಿಟ್ಯೂಟ್. ಇದರ ೩೭೦ ಎಕರೆಗೂ ಮಿಕ್ಕ ನೆಲವೂ ಅದೇ ನಾಲ್ವಡಿಯವರ ದಾನವೇ. ಬೂದುಬಣ್ಣದ ಕಲ್ಲಿನ ಗೋಪುರದ ಮುಖ್ಯ ಕಟ್ಟಡ, ಎದುರಿಗೆ ಜಮಶೇಟಜಿ ಟಾಟಾರ ಪ್ರತಿಮೆ. ಇಲ್ಲಿಗೆ ೧೯೩೫ರಲ್ಲಿ ಮ್ಯಾಕ್ಸ್ ಬಾರ್ನ್ ಬಂದರು. ಗೊಟ್ಟಿಂಗೆನ್ನಿನಲ್ಲಿ ಪ್ರಾಧ್ಯಾಪಕರು, ಅಣುವಿನೊಳಗಿನ ಗಣಿತವನ್ನು ಬಿಡಿಸಿದವರಲ್ಲಿ ಅಗ್ರಗಣ್ಯರು. ಆದರೆ ಯೆಹೂದಿ ಮನೆತನದವರು. ೧೯೩೩ರಲ್ಲಿ ಕೆಲಸ ಹೋಯಿತು. ಕೇಂಬ್ರಿಜ್ಜಿನಲ್ಲಿ ಸಿಕ್ಕಿದ್ದು ತಾತ್ಕಾಲಿಕ ಆಶ್ರಯ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ನರು ಅವರನ್ನು ಕರೆಸಿಕೊಂಡರು. ಕಾಯಂ ಪ್ರಾಧ್ಯಾಪಕ ಪದವಿಯನ್ನು ಕೊಡಿಸಬೇಕೆಂದು ಹಟ ಹಿಡಿದರು. ಬಾರ್ನರು ತಮ್ಮ ಆತ್ಮಕಥೆಯಲ್ಲಿ ಬರೆದಿರುವಂತೆ, ಅಧ್ಯಾಪಕರ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದು, ಸ್ವಂತ ದೇಶದಿಂದಲೇ ಅಟ್ಟಿಸಿಕೊಂಡು ಬಂದ ಎರಡನೆಯ ದರ್ಜೆಯ ಪರದೇಶಿ ತಮಗೆ ಸಾಲದು ಎಂಬರ್ಥದ ಮಾತನ್ನಾಡಿದರು. ಬಾರ್ನರು ಅದೇ ಸಭೆಯಲ್ಲಿ ಕುಳಿತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತರಂತೆ. ಪದವಿ ಸಿಗಲಿಲ್ಲ. ರಷ್ಯಕ್ಕೆ ಹೋಗಿಬಿಡುವ ಯೋಚನೆಯನ್ನೂ ಮಾಡಿದ್ದರು. ಅಷ್ಟರಲ್ಲಿ ೧೯೩೬ರಲ್ಲಿ ಎಡಿನ್ಬರೊ ವಿಶ್ವವಿದ್ಯಾಲಯದವರು ಕರೆದರು. ಆ 'ಎರಡನೆಯ ದರ್ಜೆ'ಯವರಿಗೆ ೧೯೫೪ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಬಾರ್ನರ ತಂಗಿಯ ಮಗ ಆಟೊ ಕೋನಿಗ್ಸ್‌ಬರ್ಗರ್. ೧೯೦೮ರಲ್ಲಿ ಹುಟ್ಟಿದವರು, ಬರ್ಲಿನ್ನಿನ ವಾಸ್ತುಶಿಲ್ಪಿ. ೧೯೩೩ರಲ್ಲಿ ಷಿಂಕೆಲ್ ಪಾರಿತೋಷಕ ಕೈಗೆ ಬಂತು. ಅದೇ ವರ್ಷ ಸರಕಾರಿ ಕೆಲಸ ಕೈಬಿಟ್ಟಿತು. ಕೆಲವು ವರ್ಷ ಈಜಿಪ್ತಿನಲ್ಲಿ ಪ್ರಾಚೀನ ಕಟ್ಟಡಗಳ ಅಧ್ಯಯನ ಮಾಡಿಕೊಂಡಿದ್ದರು. ೧೯೩೯ರಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಕಾಲದಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಸೋದರಮಾವನಿಗೆ ಬಾಗಿಲು ಮುಚ್ಚಿದ ಊರು ಮೂರೇ ವರ್ಷಗಳಲ್ಲಿ ಸೋದರಳಿಯನಿಗೆ ತೆರೆಯಿತು. ಕಾರಣವೇನೆಂದು ಹುಡುಗರು ಕೇಳಿದರು. ಒಂದು ಕಡೆ ಸಭೆಯ ಅಸೂಯೆ, ಇನ್ನೊಂದು ಕಡೆ ಕಟ್ಟಡ ಕಟ್ಟಿಸಬೇಕೆಂಬ ದಿವಾನರ ಅವಸರ ಎಂದು ನನ್ನ ಎಣಿಕೆ. ಉದಾರತೆಗಿಂತ ಅಗತ್ಯವೇ ಎಷ್ಟೋ ಸಲ ಮನುಷ್ಯನನ್ನು ಬದುಕಿಸುತ್ತದೆ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಯುದ್ಧ ಹತ್ತಿತು. ಭಾರತದಲ್ಲಿದ್ದ ಜರ್ಮನರನ್ನು ಬ್ರಿಟಿಷ್ ಸರಕಾರವು ಶತ್ರುದೇಶದವರೆಂದು ಹಿಡಿಯಿತು. ಹಿಟ್ಲರನಿಗೆ ಹೆದರಿ ಓಡಿಬಂದ ಯೆಹೂದ್ಯರು ಕೂಡ ಮೊದಮೊದಲು ಆ ಬಲೆಯಲ್ಲಿ ಸಿಕ್ಕಿದರು, ವಿಚಾರಣೆಯ ಬಳಿಕ ಬಹುಮಂದಿ ಬಿಡುಗಡೆ ಹೊಂದಿದರು. ಇತ್ತ ಯುದ್ಧದ ತುರ್ತಿನಲ್ಲಿಯೇ ವಿಜ್ಞಾನ ಸಂಸ್ಥೆಯಲ್ಲಿ ೧೯೪೨ರಲ್ಲಿ ವಿಮಾನವಿದ್ಯೆಯ ವಿಭಾಗ ಹುಟ್ಟಿತು. ಅದರ ಕಟ್ಟಡದ ನಕ್ಷೆ ಬರೆದವರು ಬರ್ಲಿನ್ನಿನಿಂದ ಹೊರದೂಡಲ್ಪಟ್ಟ ಈ ಮನುಷ್ಯ. ಸಂಸ್ಥೆಯ ಭೋಜನಶಾಲೆ, ಲೋಹಶಾಸ್ತ್ರದ ಕಟ್ಟಡ, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಇವೂ ಅವರವೇ.

೧೯೪೮ರಲ್ಲಿ ದಿಲ್ಲಿಯ ಕೇಂದ್ರ ಸರಕಾರ ಅವರನ್ನು ವಸತಿ ಶಾಖೆಯ ನಿರ್ದೇಶಕರನ್ನಾಗಿ ಕರೆಸಿಕೊಂಡಿತು. ದೇಶವಿಭಜನೆಯಿಂದ ಮನೆಮಾರು ಕಳೆದುಕೊಂಡು ಬಂದವರಿಗೆ ಸೂರು ಒದಗಿಸುವ ಕೆಲಸದಲ್ಲಿ, ತಾವೇ ನಿರಾಶ್ರಿತರಾಗಿ ಬಂದಿದ್ದವರು ತೊಡಗಿದರು. ೧೯೫೧ರಲ್ಲಿ ಲಂಡನ್ನಿಗೆ ಹೋದರು. ಇಲ್ಲಿಯ ಬಿಸಿಲು, ಮಳೆ, ಗಾಳಿ ಕಲಿಸಿದ ಪಾಠವನ್ನು ಅಲ್ಲಿ ಹಲವು ದೇಶಗಳ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. ಉಷ್ಣದೇಶಗಳ ಮನೆಕಟ್ಟುವಿಕೆಯನ್ನು ಕುರಿತು ಅವರು ಸಂಗಡಿಗರೊಡನೆ ಬರೆದ ಪುಸ್ತಕ ೧೯೭೪ರಲ್ಲಿ ಹೊರಬಂತು. ತೀರಿಕೊಂಡದ್ದು ೧೯೯೯ರಲ್ಲಿ.

ಗೋಪುರದ ಕಟ್ಟಡದಿಂದ ಹೊರಟು ಮರಗಳ ಸಾಲಿನಲ್ಲಿ ನಡೆದರೆ ವಿಮಾನವಿದ್ಯೆಯ ಕಟ್ಟಡ ಸಿಗುತ್ತದೆ. ತಗ್ಗಾಗಿ ಉದ್ದಕ್ಕೆ ಚಾಚಿದ ಮೈ, ಕಿಟಕಿಗಳ ಮೇಲೆ ಮುಂದಕ್ಕೆ ನೀಡಿದ ಛಜ್ಜ. ಪ್ರಶ್ನೆ ಕೇಳಿದ್ದ ಹುಡುಗಿ ಅಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡಿದಳು. ಮಧ್ಯಾಹ್ನ ಎರಡರ ಬಿಸಿಲು ಅಂಗಳದಲ್ಲಿ ಸುಡುತ್ತಿತ್ತು. ಅವಳ ಎದುರಿನ ಕಿಟಕಿಯ ಮೇಲೆ ನೆರಳಿತ್ತು.